ಮೇಲಿನ ಪೆಟ್ಟಿಗೆಯ ಮರಿ

ಮೊಟ್ಟೆಯೊಡೆದು ಬಂದ ಹಾವಿನ ಮರಿಗಳಲ್ಲಿ ಒಂದರ ತಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ಎಡಕ್ಕೆ ವಾಲಿತು. ತಿರುಚಿಕೊಂಡು ಬಲಕ್ಕೆ ಬಂತು. ಆಮೇಲೆ ಆಕಾಶ ನೋಡುವವರ ಹಾಗೆ ಗಂಟಲು ಮೇಲೆತ್ತಿ, ಹಾಗೇ ಅಂಗಾತ ಬಿತ್ತು. ಉಳಿದ ಮರಿಗಳು ಬೆರಳು ತಾಗಿದ್ದೇ ತಡ, ತಲೆಯನ್ನು ಸುರುಳಿಯೊಳಗೆ ಅಡಗಿಸಿಕೊಂಡು ಚೆಂಡಾಗುತ್ತಿದ್ದವು. ಚೆಂಡು ಹೆಬ್ಬಾವು ಅನ್ನುವ ಹೆಸರು ಬಂದದ್ದೇ ಅದರಿಂದ. ಈ ಮರಿಗೆ ಮಾತ್ರ, ಹೆದರಿ ಮುದುಡುವುದೂ ಬರಲಿಲ್ಲ.

ಮಾವ ಪೆಟ್ಟಿಗೆಯ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು.

"ಸ್ಪೈಡರ್," ಎಂದರು. "ನನ್ನ ಕೋಣೇಲಿ ಸ್ಪೈಡರ್!"

ಪಕ್ಕದಲ್ಲಿ ಅಳಿಯ ಟಾರ್ಚು ಹಿಡಿದಿದ್ದ. ಬೆಳಕು ಮರಿಯನ್ನು ಬಿಟ್ಟು ಗೋಡೆಗೆ ಹೋಯಿತು.

"ಸರಿಯಾಗಿ ಹಿಡೀರಿ ಅಳಿಯಂದಿರೇ."

ಅವನು ಸರಿಯಾಗಿ ಹಿಡಿದ.

ಮಾವನದು ಫೋಟೊ ಫ್ರೇಮಿನ ಅಂಗಡಿ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಬೆನ್ನಿಗೆ ಹಾವಿನ ಕೋಣೆ, ಮೇಲೆ ಮನೆ. ಅಳಿಯ ಹಗಲೆಲ್ಲ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾನೆ, ಸಂಜೆ ಹಾವಿನ ಕೋಣೆಯಲ್ಲಿ ನೀರಿನ ಬಟ್ಟಲು ತೊಳೆಯುತ್ತಾನೆ. ಕೋಣೆಯ ಗೋಡೆಯುದ್ದಕ್ಕೂ ಎಳೆಯುವ ಡ್ರಾಯರುಗಳು. ಒಂದೊಂದರಲ್ಲಿ ಒಂದೊಂದು ಹಾವು. ಹಳದಿ ಹೆಚ್ಚಾಗಿರುವುದು ಪ್ಯಾಸ್ಟೆಲ್. ಅಲ್ಲಲ್ಲಿ ಬಣ್ಣವೇ ಇಲ್ಲದೆ ಬಿಳಿ ತೇಪೆ ಹಾಕಿದಂತಿರುವುದು ಪೈಡ್. ಚಿನ್ನದ ಮೈಮೇಲೆ ಜೇಡರ ಬಲೆಯಂಥ ತೆಳ್ಳನೆಯ ಗೆರೆಗಳಿದ್ದರೆ ಸ್ಪೈಡರ್. ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಆದರೆ ಆ ಗೆರೆಯ ಜೊತೆಗೇ ತಲೆಯ ತೂಗಾಟವೂ ರಕ್ತದಲ್ಲಿ ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಮಾವ ಬಹಳ ಹಿಂದೆ ಒಂದು ಸಲ ಆ ಮರಿಗಳನ್ನು ಮಾಡಿಸಿದ್ದರು. ಇಲಿಮರಿಗೆ ಬಾಯಿ ಹಾಕಲು ಹೋಗಿ ಗುರಿ ತಪ್ಪಿ ನೆಲ ಕಚ್ಚುತ್ತಿದ್ದವು. ಅವನ್ನು ನೋಡಿ ನೋಡಿ ಕೊನೆಗೆ ಹಾವು ಸಾಕುವವರ ಸಂಘದಲ್ಲಿ ಎಲ್ಲರೆದುರು ಎದ್ದುನಿಂತು, ಇನ್ನು ನನ್ನ ಕೋಣೆಯಲ್ಲಿ ಈ ತಳಿ ಹುಟ್ಟುವುದಿಲ್ಲ ಎಂದು ಹೇಳಿ ಬಂದಿದ್ದರು.

ಇಡೀ ಮನೆಯಲ್ಲಿ ಸ್ಪೈಡರ್ ಇದ್ದದ್ದು ಒಂದೇ. ಮಹಡಿಯ ಮೇಲೆ, ಮಾವನ ಮಗನ, ಅಂದರೆ ಅಳಿಯನ ಭಾವಮೈದನ, ಕೋಣೆಯಲ್ಲಿ. ಯಾರೋ ಸಾಕಲಾರದೆ ಬಿಟ್ಟುಹೋದ ಮುದಿ ಗಂಡು. ಅದು ಕೆಳಗಿನ ಕೋಣೆಗೆ ಕಾಲಿಡಕೂಡದು — ಹಾವಿಗೆ ಕಾಲೆಲ್ಲಿದೆ ಅಪ್ಪಾ ಎಂದು ಆಗ ಮಗ ನಕ್ಕಿದ್ದ — ಎಂಬ ಮಾತಿನ ಮೇಲೆ ಮಾವ ಇಟ್ಟುಕೊಳ್ಳಲು ಬಿಟ್ಟಿದ್ದರು.

"ಕರೀರಿ ಅವನನ್ನ," ಎಂದರು ಮಾವ.

ಭಾವಮೈದ ಸ್ಕೂಟರ್ ರಿಪೇರಿಯ ಗ್ಯಾರೇಜಿಗೆ ಹೊರಟು ನಿಂತಿದ್ದವನು, ಮೆಟ್ಟಿಲಿಳಿದು ಬಂದ. ಮರಿಯನ್ನು ನೋಡಿದ. ನಗು ಹೋಯಿತು.

"ಅಯ್ಯೋ ಪಾಪ... ಇದಕ್ಕೇನಾಯ್ತು?"

"ನೀನು ಹೇಳು ಏನಾಯ್ತು ಅಂತ. ತಾಯಿ ಪ್ಯಾಸ್ಟೆಲ್. ಅದಕ್ಕೆ ನಾನು ಬಿಟ್ಟಿದ್ದು ಸಾದಾ ಗಂಡು. ಅಪ್ಪ ಅಮ್ಮ ಇಬ್ಬರ ಮೈಮೇಲೂ ಇಲ್ಲದ ಗೆರೆ ಮರಿಗೆ ಎಲ್ಲಿಂದ ಬಂತು?"

"ನಂಗೇನು ಗೊತ್ತು?"

"ನಿನ್ನ ಗಂಡನ್ನ ಕೆಳಗೆ ತಂದಿದ್ದೆ."

"ತಂದಿಲ್ಲ."

"ಹಾಗಾದ್ರೆ ಅದೇ ಮೆಟ್ಟಿಲಿಳ್ಕೊಂಡು ಬಂತಾ? ಡ್ರಾಯರ್ ತೆಗೆದು ಒಳಗೆ ಹೋಗಿ, ಮತ್ತೆ ಮುಚ್ಕೊಂಡು ವಾಪಸ್ ಹೋಯ್ತಾ?"

"ಅಪ್ಪಾ, ನಾನು ತಂದಿಲ್ಲ. ಬೇಕಾದ್ರೆ ಭಾವನ್ನ ಕೇಳು! ನಾನು ಊರಲ್ಲಿಲ್ಲದಾಗ ಅದನ್ನ ನೋಡ್ಕೊಳ್ಳೋರೇ ಅವರು."

ಇಬ್ಬರೂ ಅಳಿಯನ ಕಡೆ ತಿರುಗಿದರು. ಅವನು ಟಾರ್ಚನ್ನು ಆರಿಸಿದ. ಆರಿಸುವ ಅಗತ್ಯವೇನೂ ಇರಲಿಲ್ಲ.

"ಅವರನ್ನ ಯಾಕೋ ಎಳೀತೀಯ ಮಧ್ಯೆ?" ಮಾವ ಗುಡುಗಿದರು. "ತಪ್ಪು ಮಾಡೋದು ನೀನು, ಸಾಕ್ಷಿ ಹೇಳೋದು ಅವರಾ? ಸಂಘದವರಿಗೆ ನಾನು ಯಾವ ಮುಖ ತೋರಿಸ್ಲಿ? ಆ ಹಾವೂ ನೀನೂ ಒಟ್ಟಿಗೇ ಹೊರಡಿ. ಕೊಟ್ಟ ಮಾತು ಉಳಿಸಿಕೊಳ್ಳೋದು ಕಲಿತ ಮೇಲೆ ಬಾ."

ಮಗ ಮೇಲೆ ಹೋಗಿ, ಭುಜಕ್ಕೊಂದು ಚೀಲ, ಕಂಕುಳಿಗೊಂದು ಹಾವಿನ ಪೆಟ್ಟಿಗೆ ಏರಿಸಿಕೊಂಡು ಬೀದಿಗಿಳಿದ.

ಅಳಿಯ ಅಂಗಡಿಗೆ ಹೋಗಿ ಗಾಜು ಕತ್ತರಿಸತೊಡಗಿದ. ಮೊದಲನೆಯದೇ ವಾರೆಯಾಗಿ ಸೀಳಿತು.

ಅವನಿಗೆ ಗೊತ್ತಿತ್ತು. ಗಂಡು ಕೆಳಗೆ ಬಂದಿತ್ತು. ತಂದವನು ತಾನೇ.

ಮೊಟ್ಟೆಗಳಿಗೂ ಎಷ್ಟೋ ಮುಂಚಿನ ಮಾತು. ಭಾವಮೈದ ಬಿಡಿಭಾಗ ತರಲು ಬೇರೆ ಊರಿಗೆ ಹೋಗಿದ್ದ. 'ಪೆಟ್ಟಿಗೆ ತೊಳೆದುಬಿಡಿ ಭಾವ, ನಾತ ಹೊಡೀತಿದೆ' ಎಂದು ಹೇಳಿಹೋಗಿದ್ದ. ಮೇಲಿನ ನಲ್ಲಿಯಲ್ಲಿ ನೀರಿಲ್ಲ. ಮನೆಯಲ್ಲಿ ಯಾರೂ ಇಲ್ಲ. ಅಳಿಯ ಪೆಟ್ಟಿಗೆ ಸಮೇತ ಹಾವನ್ನು ಕೆಳಗಿನ ಕೋಣೆಯ ತೊಟ್ಟಿಗೆ ತಂದ. ಹಾವು ಒಂದು ಕೈಯಲ್ಲಿ, ಸೋಪಿನ ನೊರೆ ಇನ್ನೊಂದರಲ್ಲಿ. ಆಗಲೇ ಶಾಲೆಯಿಂದ ಫೋನು: ಮಗುವಿಗೆ ಜ್ವರ ಏರಿದೆ, ತಕ್ಷಣ ಬನ್ನಿ. ಹಿಂದಿನ ವಾರವೆಲ್ಲ ಮಗು ಮಲಗಿರಲಿಲ್ಲ, ಅವನೂ ಮಲಗಿರಲಿಲ್ಲ. ಕೆಳಸಾಲಿನ ಕೊನೆಯ ಡ್ರಾಯರ್ ಖಾಲಿಯೆಂದು ತಲೆಯಲ್ಲಿತ್ತು. ಎಳೆದ, ಹಾವನ್ನು ಒಳಗೆ ಬಿಟ್ಟ, ನೂಕಿದ, ಓಡಿದ.

ಡ್ರಾಯರ್ ಖಾಲಿ ಇರಲಿಲ್ಲ. ಬೆಳಗ್ಗೆಯೇ ಮಾವ ಪ್ಯಾಸ್ಟೆಲ್ ಹೆಣ್ಣನ್ನು ಅಲ್ಲಿಗೆ ಸಾಗಿಸಿದ್ದರು. ಸಂಜೆ ಬಂದು ಎಳೆದು ನೋಡಿದರೆ ಎರಡು ಹಾವು, ಯಾವುದರ ಬಾಲ ಯಾವುದೆಂದು ತಿಳಿಯದಂತೆ ಒಂದೇ ಸುರುಳಿ. ಬಿಡಿಸಿ ಗಂಡನ್ನು ಮೇಲೆ ಒಯ್ದಿಟ್ಟ. ಹೇಳೋಣ ಎಂದುಕೊಂಡ. ಮಾವನ ಮನೆ, ಮಾವನ ಅಂಗಡಿ, ಮಾವನ ಅನ್ನ. ಇದ್ದ ಒಂದು ನಂಬಿಕೆಯನ್ನೂ ಯಾಕೆ ಕಳೆದುಕೊಳ್ಳುವುದು? ಏನೂ ಆಗಿರಲಿಕ್ಕಿಲ್ಲ, ಬಿಡು ಎಂದುಕೊಂಡ. ಬಿಟ್ಟ.

ಈಗ ಮರಿಯ ತಲೆ ಅಲ್ಲಾಡುತ್ತಿದೆ.

"ಅಪ್ಪ ತೀರ್ಪು ಕೊಟ್ಟಾಯ್ತು. ವಿಚಾರಣೆ ಯಾವಾಗಂತೆ?" ಮಧ್ಯಾಹ್ನ ತಟ್ಟೆ ಇಡುತ್ತ ಹೆಂಡತಿ ಕೇಳಿದಳು. ಅವಳ ಮಾತೇ ಹಾಗೆ, ಕೊಯ್ದದ್ದು ಆಮೇಲೆ ಗೊತ್ತಾಗುತ್ತದೆ. "ನನ್ನ ತಮ್ಮ ಬೈಸ್ಕೊಳ್ಳೋ ಕೆಲಸ ನೂರು ಮಾಡಿದಾನೆ. ಸುಳ್ಳು ಮಾತ್ರ ಹೇಳಲ್ಲ. ಅಲ್ವೇನ್ರೀ?"

"ಹೂಂ."

"ಹೂಂ ಅಂದ್ರೆ?"

"ಹೇಳಲ್ಲ ಅಂದೆ."

"ನಾನು ಬಣ್ಣದಕ್ಕನಿಗೆ ಫೋನ್ ಮಾಡಿದೀನಿ. ಬರ್ತಾರೆ."

ಅವನು ತಟ್ಟೆ ಬಿಟ್ಟು ಎದ್ದ.

ಬಣ್ಣದಕ್ಕ ಪೇಂಟಿನ ಅಂಗಡಿಯಲ್ಲಿ ಗೋಡೆಗಳಿಗೆ ಬಣ್ಣ ಹೊಂದಿಸಿಕೊಡುವವರು. ಸುಣ್ಣದ ಚಕ್ಕೆಯೊಂದನ್ನು ತಂದುಕೊಟ್ಟರೆ ಅದೇ ಬಣ್ಣವನ್ನು ಕಲಸಿಕೊಡುತ್ತಾರೆ. ಹಾವು ಸಾಕುವವರ ಸಂಘಕ್ಕೆ ಮರಿಗಳ ತಳಿ ನೋಡಿ ಹೇಳುವವರೂ ಅವರೇ. ಅವರು ಒಂದು ಸಲ ಹೇಳಿದರೆ ಮುಗಿಯಿತು, ಮಾವನೂ ಎದುರಾಡುವುದಿಲ್ಲ.

ಹಾವಿನ ಕೋಣೆಗೆ ಬಂದವರೇ ತಲೆಯೆತ್ತಿ ದೀಪ ನೋಡಿದರು.

"ಈ ಬಲ್ಬ್ ತೆಗೀರಿ. ಈ ಹಳದಿ ಬೆಳಕಲ್ಲಿ ನಾನೂ ಪ್ಯಾಸ್ಟೆಲ್ಲೇ."

ಹೆಂಡತಿ ನಕ್ಕಳು. ಮಾವ ನಗಲಿಲ್ಲ. ಕಿಟಕಿಯ ಬಳಿಗೆ ಮರಿಯನ್ನು ತಂದರು. ಬಣ್ಣದಕ್ಕ ಅದನ್ನು ಅಂಗೈಗೆ ಏರಿಸಿಕೊಂಡು ಭೂತಗಾಜು ಹಿಡಿದರು. ಮರಿ ತಲೆಯನ್ನು ಅವರ ಮಣಿಕಟ್ಟಿನ ಸುತ್ತ ತಿರುಗಿಸಿ, ಎಲ್ಲಿಗೆ ಹೊರಟಿದ್ದೆನೆಂಬುದನ್ನು ಮರೆತಂತೆ ನಿಂತಿತು.

"ಕಣ್ಣು ಮಂಜಾಗಿದೆ. ಮೊದಲನೇ ಪೊರೆ ಬಿಡೋಕೆ ಹೊರಟಿದೆ. ಈಗ ನಾನು ಏನೂ ಹೇಳಲ್ಲ."

"ಗೆರೆ ತೆಳ್ಳಗಿರೋದು ಕಾಣ್ತಿದೆಯಲ್ಲ," ಎಂದರು ಮಾವ.

"ಮಾಸಲು ಬಟ್ಟೆ ಮೇಲಿನ ಬಣ್ಣ ನೋಡಿ ಗೋಡೆಗೆ ಪೇಂಟ್ ಕಲಸೋಕಾಗುತ್ತಾ ಯಜಮಾನ್ರೇ? ಪೊರೆ ಬಿಡ್ಲಿ."

"ತಲೆ ಅಲ್ಲಾಡ್ತಿರೋದು? ಅದಕ್ಕೂ ಪೊರೆ ಬಿಡಬೇಕಾ?"

"ತಲೆ ಅಲ್ಲಾಡ್ತಿದೆ, ಒಪ್ಪಿದೆ. ಯಾಕೆ ಅನ್ನೋದು ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ." ಅವರು ಮರಿಯನ್ನು ಮೆಲ್ಲಗೆ ಇಳಿಸಿದರು. "ಇದರ ಜೊತೆಯವು ಎಲ್ಲಿ?"

"ಅವೆಲ್ಲ ಸರಿಯಾಗಿವೆ. ಬೇರೆ ಬೇರೆ ಡಬ್ಬಿಗೆ ಹಾಕಿದೀನಿ. ಅವನ್ನ ಯಾಕೆ ನೋಡ್ಬೇಕು?"

"ಬಿಡುವಿದ್ದಾಗ ನೋಡ್ತೀನಿ. ಕಾವು ಕೊಡೋ ಜಾಗ ತೋರ್ಸಿ."

ಕಾವು ಕೊಡುವುದು ಒಂದು ಕೆಟ್ಟುಹೋದ ಹಳೆಯ ಫ್ರಿಜ್ಜಿನಲ್ಲಿ. ತಂಪು ಮಾಡುವ ಯಂತ್ರ ಕಿತ್ತು, ಒಳಗೆ ಬಿಸಿಯಾಗುವ ಪಟ್ಟಿ ಸುತ್ತಿ, ಶಾಖ ಅಳೆಯುವ ತಂತಿಯೊಂದನ್ನು ಒಳಕ್ಕೆ ಬಿಟ್ಟಿದ್ದರು. ಶಾಖ ಕಡಿಮೆಯಾದರೆ ಪಟ್ಟಿ ತಾನೇ ಹೊತ್ತಿಕೊಳ್ಳುತ್ತದೆ, ಸಾಕಾದರೆ ತಾನೇ ಆರುತ್ತದೆ. ಮೇಲಿನ ಅಂಕಣದಲ್ಲಿ ಖಾಲಿಯಾದ ಪೆಟ್ಟಿಗೆ. ಅದರಲ್ಲಿ ಒಂದಕ್ಕೊಂದು ಅಂಟಿಕೊಂಡೇ ಒಣಗಿದ ಮೊಟ್ಟೆಯ ಚಿಪ್ಪುಗಳು, ಒಡೆಯದೆ ಉಳಿದ ಒಂದು ಮೊಟ್ಟೆ. ಕೆಳಗಿನ ಅಂಕಣದಲ್ಲಿ ಇನ್ನೊಂದು ಪೆಟ್ಟಿಗೆ, ಇನ್ನೂ ಒಡೆಯದ ಮೊಟ್ಟೆಗಳು.

ಮಾವನನ್ನು ಅಂಗಡಿಯಲ್ಲಿ ಯಾರೋ ಕರೆದರು. ಅವರು ಹೋದರು. ಅವರ ಹಿಂದೆ ಮಗಳೂ ಹೋದಳು. ಉಳಿದವರು ಬಣ್ಣದಕ್ಕ, ಅಳಿಯ.

"ಕೆಳಗಿನವು ಯಾರ ಮೊಟ್ಟೆ?"

"ಪೈಡ್ ಹೆಣ್ಣಿನದು. ಮಾವ ಅದನ್ನ ಮಹಾರಾಣಿ ಅಂತಾರೆ. ನಮಗೆ ಅದನ್ನ ಮುಟ್ಟೋಕೂ ಬಿಡಲ್ಲ."

"ಯಾವಾಗ ಇಟ್ಟಿದ್ದು?"

"ಎರಡೂ ಒಂದೇ ವಾರ. ಪ್ಯಾಸ್ಟೆಲ್ಲಿನವು ಬೇಗ ಬಂದುಬಿಟ್ವು. ಮಾವನಿಗೆ ಖುಷಿಯೋ ಖುಷಿ. ಮರಿಗಳು ಚುರುಕು ಅಂತ."

"ಈ ಟೇಪು?"

ಮೇಲಿನ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ತೂತು. ಅದರ ಮೇಲೆ ಕಂದು ಕಾಗದದ ಟೇಪು.

"ತೂತು ಮುಚ್ಚೋಕೆ ಹಾಕಿರೋದು, ಅಕ್ಕ. ಒಳಗಿನ ತೇವ ಆರಬಾರದಲ್ಲ."

"ಯಾರು ಹಾಕಿದ್ದು?"

"ನಾನು ನೋಡ್ಲಿಲ್ಲ."

ಬಣ್ಣದಕ್ಕ ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಆಮೇಲೆ, ಅದನ್ನು ನೋಡುತ್ತಲೇ, ಹವಾಮಾನ ಕೇಳುವಂತೆ ಕೇಳಿದರು:

"ಮಹಡಿ ಮೇಲಿನ ಗಂಡು ಈ ಕೋಣೆಗೆ ಯಾವತ್ತಾದ್ರೂ—"

"ಇಲ್ಲ."

"ಪ್ರಶ್ನೆ ಇನ್ನೂ ಮುಗಿದಿರಲಿಲ್ಲ."

ಬಣ್ಣದಕ್ಕ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಅಳಿಯ ಹೇಳಿಬಿಡುತ್ತಿದ್ದನೋ ಏನೋ. ಅವರು ಮುಚ್ಚಳ ಇಟ್ಟು, ಅಂಗಡಿಗೆ ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಫ್ರೇಮುಗಳನ್ನು ಒಂದೊಂದಾಗಿ ತಿರುಗಿಸಿ ಅವುಗಳ ಬೆನ್ನು ನೋಡತೊಡಗಿದರು.

"ಚಿತ್ರ ಈ ಕಡೆ ಇದೆ ಅಕ್ಕ," ಎಂದ ಅವನು.

"ಚಿತ್ರ ಎಲ್ಲರೂ ನೋಡ್ತಾರೆ." ಒಂದು ಫ್ರೇಮಿನ ಹಿಂಬದಿಯ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ, ಮಾವನ ಕಡೆ ತಿರುಗಿದರು. "ಪೊರೆ ಬಿಟ್ಟ ದಿನ ನನಗೆ ತಿಳಿಸಿ. ಹುಡುಗನೂ ಬರಬೇಕು. ಅವನ ಹಾವನ್ನೂ ತರಬೇಕು. ಅಲ್ಲೀವರೆಗೆ ಮರಿಗೆ ಏನೂ ಮಾಡಬೇಡಿ ಯಜಮಾನ್ರೇ."

ಮಾವ ತಲೆ ತಗ್ಗಿಸಿದರು. ಮರಿಯನ್ನು ಡಾಕ್ಟರ ಬಳಿ ಒಯ್ದು ಸೂಜಿ ಹಾಕಿಸಿ ಮುಗಿಸಿಬಿಡುವ ಯೋಚನೆ ಅವರಲ್ಲಿದ್ದದ್ದು ಆಗಲೇ ಅಳಿಯನಿಗೆ ತಿಳಿದದ್ದು. ಇದೂ ನನ್ನ ತಲೆಗೇ ಎಂದುಕೊಂಡ.

ಮಾರನೆಯ ದಿನ ಅವನು ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋದ. ಹೇಳಿಬಿಡುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದ.

ಭಾವಮೈದ ಒಂದು ಬಿಚ್ಚಿದ ಇಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಚಕ್ರವಿಲ್ಲದ ಒಂದು ವ್ಯಾನಿನ ಸೀಟೇ ಹಾಸಿಗೆ. ಟೈರುಗಳ ಮಧ್ಯೆ ಹಾವಿನ ಪೆಟ್ಟಿಗೆ, ಅದಕ್ಕೆ ಅವನ ಸ್ವೆಟರ್ ಹೊದಿಸಿದ್ದ.

"ಬನ್ನಿ ಭಾವ. ಅಪ್ಪ ಹೇಗಿದಾರೆ? ಇನ್ನೂ ಕುದೀತಿದಾರಾ?"

"ಹೂಂ... ನೋಡು, ನಾನೊಂದು ಮಾತು..."

"ನಾನೇ ಒಂದು ಕೇಳ್ಬೇಕಿತ್ತು." ಅವನು ಎಣ್ಣೆಗೈಯನ್ನು ಚಿಂದಿಗೆ ಒರೆಸಿಕೊಂಡ. "ನಾನು ಯಾವತ್ತಾದ್ರೂ ಪೆಟ್ಟಿಗೆ ಚಿಲಕ ಹಾಕೋದು ಮರೆತಿದ್ನಾ? ನೀವು ನೋಡಿದ್ರಾ? ಯೋಚನೆ ಮಾಡಿ ಮಾಡಿ ನಂಗೇ ಅನುಮಾನ ಬರೋಕೆ ಶುರುವಾಗಿದೆ ಭಾವ. ನಾನು ತಂದಿಲ್ಲ. ಆದ್ರೆ ನಾನೇ ಸಡಿಲ ಬಿಟ್ಟು, ಅದೇ ಇಳಿದು ಹೋಗಿದ್ರೆ? ಆ ಮರಿ ಹಾಗಾಗಿರೋದು ನನ್ನಿಂದ್ಲೇ ಆದ್ರೆ?"

ಅಳಿಯನ ಬಾಯಲ್ಲಿ ಜೋಡಿಸಿಟ್ಟ ಮಾತುಗಳೆಲ್ಲ ಇದ್ದವು. ಒಂದನ್ನು ಆಚೆ ಹಾಕಿದರೆ ಉಳಿದವು ತಾವಾಗಿಯೇ ಬರುತ್ತಿದ್ದವು.

"ಊಟ ಆರುತ್ತೆ," ಎಂದ. "ಮೊದಲು ತಿನ್ನು."

ವಾಪಸು ಬರುವಾಗ ಮೈಯೆಲ್ಲ ಹೊಡೆಸಿಕೊಂಡವನ ಹಾಗಿತ್ತು. ಕದ್ದವನು ಸಿಕ್ಕಿಬೀಳುವುದಕ್ಕೆ ಹೆದರುತ್ತಾನೆ. ಕದಿಯದವನೇ ನಾನಿರಬಹುದೇ ಎಂದು ತನ್ನ ಜೇಬು ತಡಕಿಕೊಳ್ಳುವುದನ್ನು ನೋಡುತ್ತ ನಿಲ್ಲುವುದಕ್ಕೆ ಏನೆನ್ನಬೇಕು?

ಮರಿ ಪೊರೆ ಬಿಟ್ಟಿತು. ಒಂದೇ ಉದ್ದನೆಯ ತುಂಡಾಗಿ ಅಲ್ಲ, ಹರಿದು ಹರಿದು. ತಲೆ ನಿಲ್ಲದೆ ಕಲ್ಲಿಗೆ ಉಜ್ಜಿಕೊಳ್ಳಲಾಗಿರಲಿಲ್ಲ. ಅದೇ ದಿನ ಕೆಳಗಿನ ಪೆಟ್ಟಿಗೆಯಲ್ಲಿ ಮಹಾರಾಣಿಯ ಮೊಟ್ಟೆಗಳು ಸೀಳಿ, ಪುಟ್ಟ ಮೂತಿಗಳು ಹೊರಗೆ ಬಂದವು. ಬೇರೆ ಸಮಯವಾಗಿದ್ದರೆ ಮಾವ ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದರು.

ಬಣ್ಣದಕ್ಕ ಬಂದರು. ಭಾವಮೈದನೂ ಬಂದ, ಹೊಸ್ತಿಲಾಚೆಗೇ ನಿಂತ.

"ಒಳಗೆ ಬಾರೋ," ಎಂದಳು ಅಕ್ಕ.

"ಕರೆದೋರು ಬಾ ಅಂದ್ರೆ ಬರ್ತೀನಿ."

"ನಾನೇ ಕರೆದಿದ್ದು. ಬಾ," ಎಂದರು ಬಣ್ಣದಕ್ಕ. "ನಿನ್ನ ಗಂಡನ್ನ ಈ ಮೇಜಿನ ಮೇಲೆ ಬಿಡು."

ಕಿಟಕಿಯ ಬೆಳಕಿನಲ್ಲಿ ಮುದಿ ಗಂಡು, ಅದರ ಪಕ್ಕದಲ್ಲಿ ಮರಿ. ಎರಡರ ತಲೆಯೂ ತೂಗುತ್ತಿತ್ತು. ನೋಡಿದವರು ಯಾರೇ ಆದರೂ ತಂದೆ ಮಗು ಎನ್ನಬೇಕು. ಅಳಿಯ ಗೋಡೆಗೆ ಒರಗಿದ.

"ಈಗ ತಲೆ ನೋಡ್ಬೇಡಿ. ಪಕ್ಕೆ ನೋಡಿ," ಎಂದರು ಬಣ್ಣದಕ್ಕ. "ಗಂಡಿನ ಪಕ್ಕೇಲಿ ಬಿಳಿ ಹೊಟ್ಟೆಯಿಂದ ಮೇಲಕ್ಕೆ ಹತ್ತಿದೆ. ತುಟಿ ಬಿಳಿ. ಗೆರೆ ಎಲ್ಲ ದಾರದ ಹಾಗೆ, ಒಂದೇ ದಪ್ಪ. ಸ್ಪೈಡರ್ ರಕ್ತ ಇದ್ರೆ ಹುಟ್ಟಿದಾಗಿಂದ ಹೀಗೇ. ಮರಿಯ ಪಕ್ಕೇಲಿ ಬಿಳಿ ಎಲ್ಲಿದೆ ಯಜಮಾನ್ರೇ?"

ಮಾವ ಕನ್ನಡಕ ಏರಿಸಿ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"...ಇಲ್ಲ."

"ಬಾಲದ ಹತ್ರ?"

"ಕಂದು ಮಚ್ಚೆ. ದಪ್ಪ ಅಂಚು." ಮಾವನ ದನಿ ಇಳಿಯಿತು. "ಸಾದಾ ಹಾವಿನ ಹಾಗೇ."

"ಹಾಗೇ ಅಲ್ಲ. ಸಾದಾನೇ. ಬೆನ್ನಿನ ಮೇಲಿನ ಚಿತ್ರ ಮಾತ್ರ ಕೆಟ್ಟಿದೆ. ತಳಿ ಸ್ಪೈಡರ್ ಅಲ್ಲ."

"ಹಾಗಾದ್ರೆ ತಲೆ?" ಎಂದ ಭಾವಮೈದ. ಅವನು ಯಾವಾಗ ಹೊಸ್ತಿಲು ದಾಟಿದ್ದನೋ.

"ಅದಕ್ಕೇ ಜೊತೆಯವನ್ನ ನೋಡ್ಬೇಕು ಅಂದಿದ್ದು. ನೀವೆಲ್ಲ ಈ ಒಂದನ್ನೇ ನೋಡ್ತಾ ಕೂತ್ರಿ." ಅವರು ಡಬ್ಬಿಗಳನ್ನು ಒಂದೊಂದಾಗಿ ತೆರೆದರು. "ನಾನು ಬೆಳಗ್ಗೆ ಬಂದವಳೇ ಮೊದಲು ಇವನ್ನ ನೋಡಿದೆ. ಇದಕ್ಕೆ ಮಚ್ಚೆ ಬದಲು ಬೆನ್ನುದ್ದಕ್ಕೂ ಪಟ್ಟೆ. ಇದರ ಬಾಲದ ತುದಿ ಮುಟ್ಟಿ, ಒಳಗೆ ಮೂಳೆ ಸೊಟ್ಟ. ಒಂದು ಮೊಟ್ಟೆ ಒಳಗೇ ಸತ್ತಿದೆ. ಎಲ್ಲ ಸೇರಿ ಹೊತ್ತಿಗೆ ಮುಂಚೆ ಬಂದ್ವು. ಇವು ಚುರುಕಲ್ಲ ಯಜಮಾನ್ರೇ. ಇವು ಬೆಂದಿವೆ."

ಅವರು ಡಬ್ಬಿಗಳನ್ನು ಮುಚ್ಚಿದರು.

"ಮೊಟ್ಟೆಯೊಳಗೆ ಮೈ ಕೂಡೋ ಹೊತ್ತಲ್ಲಿ ಬಿಸಿ ಹೆಚ್ಚಾದ್ರೆ ಚಿತ್ರ ಕೆಡುತ್ತೆ, ಮೂಳೆ ಕೆಡುತ್ತೆ, ತಲೇನೂ ಕೆಡುತ್ತೆ. ನಿಮಗೆ ಗೊತ್ತಿರೋದೇ."

"ಆದ್ರೆ ಶಾಖ ಸರಿಯಾಗಿತ್ತು!" ಮಾವ ಫ್ರಿಜ್ಜಿನ ಬಾಗಿಲಿಗೆ ಕೈಯೂರಿದರು. "ದಿನಾ ನಾನೇ ನೋಡ್ತಿದ್ದೆ. ಇಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ."

"ಎಲ್ಲಿಯ ಶಾಖ?"

"ಅಂದ್ರೆ?"

"ತಂತಿ ಎಲ್ಲಿದೆ?"

ಮಾವ ಬಾಗಿಲು ತೆರೆದರು. ತಂತಿ ಕೆಳಗಿನ ಪೆಟ್ಟಿಗೆಯೊಳಗೆ ಹೋಗಿತ್ತು, ಮಹಾರಾಣಿಯ ಮರಿಗಳ ಮಧ್ಯಕ್ಕೆ.

"ಮೊದಲು ಅದು ಮೇಲಿನ ಪೆಟ್ಟಿಗೇಲಿತ್ತು," ಎಂದರು ಬಣ್ಣದಕ್ಕ. "ತೂತು ಅದಕ್ಕೇ ಮಾಡಿದ್ದು. ಕೆಳಗಿನವು ಬಂದ ಮೇಲೆ ಯಾರೋ ತಂತಿ ಎಳೆದು ಅಲ್ಲಿಗೆ ಹಾಕಿದ್ರು, ಮೇಲಿನ ತೂತು ಟೇಪು ಹಾಕಿ ಮುಚ್ಚಿದ್ರು. ಬಿಸಿ ಮೇಲಕ್ಕೆ ಏರುತ್ತೆ. ಕೆಳಗೆ ತಂಪು. ತಂತಿ ತಂಪು ಅಂತ ಹೇಳ್ತಾ ಹೋಯ್ತು, ಪಟ್ಟಿ ಕಾಯ್ತಾ ಹೋಯ್ತು. ಕೆಳಗಿನವಕ್ಕೆ ಹದವಾಗೋ ಹೊತ್ತಿಗೆ ಮೇಲೆ ಒಲೆ."

"ಯಾರು ಹಾಕಿದ್ದು?" ಹೆಂಡತಿ ಕೇ‌ಳಿದಳು. ಕೇಳಿ ಅಪ್ಪನ ಕಡೆ ನೋಡಿದಳು.

ಬಣ್ಣದಕ್ಕ ಮೇಲಿನ ಮುಚ್ಚಳವನ್ನೂ ಅಂಗಡಿಯಿಂದ ತಂದಿದ್ದ ಒಂದು ಫ್ರೇಮನ್ನೂ ಪಕ್ಕಪಕ್ಕದಲ್ಲಿ ಬೋರಲಾಗಿ ಇಟ್ಟರು. ಎರಡರ ಮೇಲೂ ಅದೇ ಕಂದು ಟೇಪು. ಎರಡರಲ್ಲೂ ಟೇಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಮೂಲೆಗೆ ಮೂಲೆ ಕೂಡಿಸಿ, ಉಗುರಿನಿಂದ ಒತ್ತಿ ಅಂಟಿಸಲಾಗಿತ್ತು.

"ಗ್ಯಾರೇಜಿನ ಹುಡುಗ ಹಾಕಿದ್ರೆ ಎಣ್ಣೆ ಬೆರಳಿರ್ತಿತ್ತು. ನಿಮ್ಮ ಅಳಿಯನ ಕೈಯಲ್ಲಿ ಗಾಜು ಬಿಟ್ರೆ ಬೇರೆ ಏನೂ ನೆಟ್ಟಗೆ ಕತ್ತರಿಸೋಕೆ ಬರಲ್ಲ ಅಂತ ನೀವೇ ಸಂಘದಲ್ಲಿ ಹೇಳಿ ನಗ್ತೀರಿ. ಒಂದು ಬೆರಳಗಲದ ತೂತಿಗೂ ಫ್ರೇಮಿನ ಬೆನ್ನಿಗೆ ಹಾಕಿದ ಹಾಗೆ ಟೇಪು ಹಾಕೋರು ಈ ಮನೇಲಿ ಒಬ್ರೇ." ಬಣ್ಣದಕ್ಕನ ದನಿ ಮೆದುವಾಯಿತು. "ನಿಮ್ಮ ಪ್ರೀತಿಯ ಮೊಟ್ಟೆಗೆ ಏನೂ ಆಗದಿರ್ಲಿ ಅಂತ ತಂತಿ ಅಲ್ಲಿಗೆ ಹಾಕಿದ್ರಿ. ಕೆಟ್ಟದ್ದು ಮಾಡಬೇಕು ಅಂತ ಅಲ್ಲ. ಆದ್ರೆ ಈ ಮರಿ ತಲೆ ಕೆಡಿಸಿದ್ದು ನೀವೇ ಯಜಮಾನ್ರೇ."

ಮಾವ ಮುಚ್ಚಳವನ್ನು ಕೈಗೆತ್ತಿಕೊಂಡರು. ಟೇಪಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಅದು ಏಳಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದರು.

"ಮಗಾ," ಎಂದರು.

ಭಾವಮೈದ ಮರಿಯನ್ನು ಎತ್ತಿ ಎದೆಗೆ ಒತ್ತಿಕೊಂಡಿದ್ದ. "ಇದನ್ನ ನಾನು ಸಾಕ್ತೀನಿ. ಬಾಯಿಗಿಟ್ಟು ತಿನ್ನಿಸಿದ್ರೆ ಬದುಕುತ್ತೆ. ಆಗಬಹುದಾ?"

ಮಾವ ತಲೆಯಾಡಿಸಿದರು.

ಬಣ್ಣದಕ್ಕ ಭೂತಗಾಜನ್ನು ಕೈಚೀಲಕ್ಕೆ ಹಾಕಿಕೊಂಡರು. "ಗಂಡು ಈ ಕೋಣೆಗೆ ಬಂದಿತ್ತೋ ಇಲ್ವೋ ಅನ್ನೋದು ಇನ್ನು ಯಾರಿಗೂ ಬೇಕಾಗಿಲ್ಲ. ಈ ಮರಿಗೂ ಅದಕ್ಕೂ ಸಂಬಂಧವಿಲ್ಲ," ಎಂದರು. ಯಾರ ಕಡೆಯೂ ನೋಡದೆ ಹೇಳಿದರು.

ಬಾಗಿಲು ತೆರೆದಿಟ್ಟಂತಾಯಿತು. ಅಳಿಯ ಅದರಿಂದ ಆಚೆ ಹೋಗಬಹುದಿತ್ತು. ಮಗು ಬರುವ ಹೊತ್ತಾಯಿತೆಂದು ನೆವ ಹೇಳಿ ಹೊರಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಯಾವತ್ತೂ. ಅವನ ಕಾಲೂ ಎದ್ದಿತು.

"ಬಂದಿತ್ತು," ಎಂದ.

ಎಲ್ಲರೂ ತಿರುಗಿದರು.

"ನಾನೇ ತಂದಿದ್ದೆ. ಪ್ಯಾಸ್ಟೆಲ್ ಇದ್ದ ಡ್ರಾಯರಿಗೇ ಬಿಟ್ಟಿದ್ದೆ. ಖಾಲಿ ಅಂದ್ಕೊಂಡು. ಮಗೂಗೆ ಜ್ವರ ಅಂತ ಫೋನ್ ಬಂದಿತ್ತು... ಸಂಜೆವರೆಗೂ ಒಟ್ಟಿಗೇ ಇದ್ವು." ಭಾವಮೈದನ ಕಡೆ ಕೈ ತೋರಿಸಿದ. "ಇವನನ್ನ ನೀವು ಬೈಯುವಾಗ ನನ್ನ ಬಾಯಿ ತುದೀಲೇ ಇತ್ತು. ಹೇಳ್ಲಿಲ್ಲ. ಗ್ಯಾರೇಜಿಗೆ ಹೋದಾಗ್ಲೂ ಹೇಳ್ಲಿಲ್ಲ."

ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಮಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಆಯ್ತು ಬಿಡಿ ಅಳಿಯಂದಿರೇ. ಮಗೂಗೆ ಹುಷಾರಿಲ್ಲ ಅಂದಾಗ ಯಾರಿಗೆ ತಾನೆ ತಲೆ ನಿಲ್ಲುತ್ತೆ? ಮನಸ್ಸಿಗೆ ಹಚ್ಕೋಬೇಡಿ."

ಭಾವಮೈದ ಸಣ್ಣಗೆ ನಕ್ಕ. ಸಿಟ್ಟಿನ ನಗುವಲ್ಲ.

"ನೋಡಿದ್ರಾ ಭಾವ? ಅವತ್ತು ಹೇಳಿದ್ರೂ ಅಪ್ಪ ಇಷ್ಟೇ ಅಂತಿದ್ರು. ನಿಮ್ಮನ್ನ ಯಾರೂ ಹೊರಗೆ ಹಾಕ್ತಿರ್ಲಿಲ್ಲ. ಅಳಿಯ ಅಲ್ವಾ." ಅವನು ಮರಿಯ ತಲೆಗೆ ಬೆರಳಿನ ಆಸರೆ ಕೊಟ್ಟ. "ಅದು ನಂಗೂ ಗೊತ್ತು. ನಿಮಗೂ ಗೊತ್ತಿತ್ತು."

ಅಳಿಯನಿಗೆ ಗೊತ್ತಿತ್ತು.

"ಗ್ಯಾರೇಜಿಂದ ಸಾಮಾನು ತರೋಕೆ ನಾನೂ ಬರ್ತೀನಿ," ಎಂದ.

"ಬೇಡ. ನಾನೇ ತರ್ತೀನಿ."

ಅವನು ಮರಿಯನ್ನು ಅಕ್ಕನ ಕೈಗೆ ಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿ, ಬೀದಿಗಿಳಿದ.

ಮಾವ ತಮ್ಮ ಕುರ್ಚಿಯ ಮೇಲಿನ ಮರದ ಹೊಟ್ಟನ್ನು ಅಂಗೈಯಿಂದ ಒರೆಸಿ, ಅದನ್ನು ಅಳಿಯನ ಕಡೆಗೆ ಎಳೆದಿಟ್ಟರು.

"ನಿಂತೇ ಇದೀರಲ್ಲ. ಕೂತ್ಕೊಳ್ಳಿ," ಎಂದರು.

ಅವನು ನಿಂತೇ ಇದ್ದ.